ಪದ ಪರಿಚಯ: ಐರಿಷ್ ಇತಿಹಾಸದಲ್ಲಿ ‘ಮತೀಯ ಹಿಂಸೆ’

‘ಸೆಕ್ಟೇರಿಯನ್’ ಎಂಬ ಪದವನ್ನು ಸಾಮಾನ್ಯವಾಗಿ ‘ಪಂಥೀಯ’ ಎಂದು ಕನ್ನಡಿಸುತ್ತಾರೆ. ಐರ್ಲೆಂಡಿನ ಮಟ್ಟಿಗೆ ‘ಮತೀಯ’ವೇ ಮೇಲು; ನಮ್ಮ ‘ಕೋಮು’ ಅದಕ್ಕೆ ಇನ್ನೂ ಹತ್ತಿರ. ಅಲ್ಲಿ ಕ್ಯಾಥೊಲಿಕ್–ಪ್ರೊಟೆಸ್ಟೆಂಟ್ ಭೇದ ಪೂಜಾವಿಧಿಗೆ ನಿಲ್ಲುವುದಿಲ್ಲ, ಜಮೀನು ಯಾರದು, ನಿಷ್ಠೆ ಯಾರಿಗೆ (ಬ್ರಿಟನ್ನಿಗೋ ಐರ್ಲೆಂಡಿಗೋ) ಎಂಬುದೂ ಅದರಲ್ಲಿ ಬೆರೆತಿದೆ. ಹಾಗೆಂದು ಸತ್ತವರು ಪ್ರೊಟೆಸ್ಟೆಂಟರು ಎಂದಷ್ಟಕ್ಕೇ ಕೊಲೆ ಮತೀಯವಾಗದು. ಕೊಂದವರು ಅವರನ್ನೇ ಆರಿಸಿದ್ದು ಏಕೆ ಎಂಬುದು ತಿಳಿಯಬೇಕು.

ವಾದ ಕಾವೇರಿದ್ದು ಐರ್ಲೆಂಡಿನ ದಕ್ಷಿಣದ ಕಾರ್ಕ್ ಕೌಂಟಿಯ (ನಮ್ಮ ಜಿಲ್ಲೆಯಂಥದು) ಡನ್‌ಮ್ಯಾನ್‌ವೇ ಸುತ್ತಲಿನ ಕೊಲೆಗಳ ಬಗ್ಗೆ. 1921ರ ಜುಲೈಯಲ್ಲೇ ಐರಿಷ್ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರೊಂದಿಗೆ ಕದನವಿರಾಮವಾಗಿತ್ತು. 1922ರ ಏಪ್ರಿಲ್ 26ರಂದು ಐಆರ್‌ಎ (ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿದ ಐರಿಷ್ ರಿಪಬ್ಲಿಕನ್ ಸೇನೆ) ಅಧಿಕಾರಿಯೊಬ್ಬ ಪ್ರೊಟೆಸ್ಟೆಂಟ್ ಮನೆಯೊಂದರಲ್ಲಿ ಗುಂಡಿಗೆ ಬಲಿಯಾದ. ಆ ಮನೆಯಲ್ಲಿದ್ದ ಮೂವರನ್ನು ಹೊತ್ತೊಯ್ದು ಕೊಂದರು. ಮುಂದಿನ ಕೆಲವೇ ರಾತ್ರಿಗಳಲ್ಲಿ ಇನ್ನೂ ಹತ್ತು ಪ್ರೊಟೆಸ್ಟೆಂಟರು ಹತರಾದರು.

ಇತಿಹಾಸಕಾರ ಪೀಟರ್ ಹಾರ್ಟ್ 1998ರ ತಮ್ಮ ಪುಸ್ತಕದಲ್ಲಿ, ಇವರು ಸತ್ತದ್ದು ಪ್ರೊಟೆಸ್ಟೆಂಟರಾಗಿದ್ದಕ್ಕೇ ಎಂದರು. ಇನ್ನೊಬ್ಬ ಇತಿಹಾಸಕಾರ್ತಿ ಮೀಡಾ ರಯಾನ್ ಒಪ್ಪಲಿಲ್ಲ: ಬ್ರಿಟಿಷ್ ಪಡೆ ಬಿಟ್ಟುಹೋದ ಕಾಗದಗಳಲ್ಲಿ ಸತ್ತವರ ಹೆಸರುಗಳು ಬ್ರಿಟಿಷರ ಮಾಹಿತಿದಾರರೆಂದು ಇದ್ದವು ಎಂಬುದು ಅವರ ವಾದ. ಇತಿಹಾಸಕಾರ ಬ್ರಯನ್ ಮರ್ಫಿ ಎತ್ತಿದ ಆಕ್ಷೇಪ ಇನ್ನೂ ಹರಿತವಾದದ್ದು. ದಕ್ಷಿಣದ ಪ್ರೊಟೆಸ್ಟೆಂಟರು ಹೆಚ್ಚು ಮಾಹಿತಿ ಕೊಡುತ್ತಿರಲಿಲ್ಲ ಎಂಬ ಬ್ರಿಟಿಷ್ ಸೇನಾ ದಾಖಲೆಯ ಮಾತನ್ನು ಹಾರ್ಟ್ ಉದ್ಧರಿಸಿದ್ದರು. ಬ್ಯಾಂಡನ್ ಪ್ರದೇಶ ಇದಕ್ಕೆ ಅಪವಾದ, ಅಲ್ಲಿನ ಅನೇಕ ಪ್ರೊಟೆಸ್ಟೆಂಟ್ ರೈತರು ಮಾಹಿತಿ ಕೊಟ್ಟರು ಎನ್ನುವ ಅದರ ಬೆನ್ನಿನ ವಾಕ್ಯವನ್ನು ಬಿಟ್ಟಿದ್ದರು. ಕೊಲೆಗಳು ನಡೆದದ್ದು ಅದೇ ಸೀಮೆಯಲ್ಲಿ. ಇದು ಗಂಭೀರ ಲೋಪ, ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಆದರೆ ಆ ವಾಕ್ಯ ಎದುರು ಪಕ್ಷವನ್ನೂ ಗೆಲ್ಲಿಸುವುದಿಲ್ಲ. ಅದು ಹೇಳುವುದು ಒಂದು ಪ್ರದೇಶದ ಮಾತು. ಸತ್ತ ಒಬ್ಬೊಬ್ಬನೂ ಮಾಹಿತಿದಾರನೆಂದು ಅದರಿಂದ ಸಾಬೀತಾಗದು. ಕೊಲೆಗಾರರು ಯಾರನ್ನು ಹುಡುಕಿಕೊಂಡು ಬಂದರೋ ಅವನು ಸಿಗದೆ ಮನೆಯಲ್ಲಿದ್ದ ಇನ್ನೊಬ್ಬನನ್ನು ಕೊಂದದ್ದೂ ಉಂಟು. ‘ಶಂಕೆ’ ಮತ್ತು ‘ಮತ’ ಒಂದೇ ಕೊಲೆಯಲ್ಲಿ ಹೆಣೆದುಕೊಂಡಿರಬಹುದು. ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಹಟವೇ ಈ ಚರ್ಚೆಯನ್ನು ಕೆಡಿಸಿದೆ.

ಜನಗಣತಿಯನ್ನು ಓದುವಾಗಲೂ ಇಂಥದೇ ಎಡವಟ್ಟು. 1911ರಿಂದ 1926ರೊಳಗೆ ದಕ್ಷಿಣದ (1922ರಲ್ಲಿ ಬ್ರಿಟನ್ನಿನಿಂದ ಬೇರೆಯಾದ) 26 ಕೌಂಟಿಗಳಲ್ಲಿ ಪ್ರೊಟೆಸ್ಟೆಂಟರು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದರು. ಇದನ್ನೇ ತೋರಿಸಿ ‘ಜನಾಂಗೀಯ ನಿರ್ಮೂಲನೆ’ ಎನ್ನುವವರಿದ್ದಾರೆ. ಆ ಇಳಿಕೆಯಲ್ಲಿ ಬ್ರಿಟಿಷ್ ಸೇನೆ ಮತ್ತು ಸೈನಿಕರ ಕುಟುಂಬಗಳ ನಿರ್ಗಮನ, ಮೊದಲ ಮಹಾಯುದ್ಧದ ಸಾವು, ಕಡಿಮೆ ಜನನ, ಎಂದಿನ ವಲಸೆ ಎಲ್ಲವೂ ಸೇರಿವೆ. ಇವನ್ನೆಲ್ಲ ಕಳೆದು ಲೆಕ್ಕ ಹಾಕಿದ ಇತಿಹಾಸಕಾರ ಆಂಡಿ ಬೀಲೆನ್‌ಬರ್ಗ್, ಬೆದರಿಕೆ–ಹಿಂಸೆಯಿಂದ ಊರು ಬಿಟ್ಟವರು 2,000ದಿಂದ 16,000ದೊಳಗೆ ಎಂದು 2013ರಲ್ಲಿ ಅಂದಾಜಿಸಿದರು.