ಉಚ್ಚಾರಾಂಶ ಮತ್ತು ಆಕೃತಿಮಾ: ಉದ್ದನೆಯ ಫ್ರೆಂಚ್ ನಾಮಪದವನ್ನು ಒಡೆಯುವ ಎರಡು ಬಗೆ

ಒಂದು ಸ್ವರವನ್ನು ನಡುವಿಟ್ಟುಕೊಂಡು ಒಟ್ಟಿಗೆ ನುಡಿಯುವ ಧ್ವನಿಗುಂಪು ಉಚ್ಚಾರಾಂಶ; ಫ್ರೆಂಚರು ಇದನ್ನು ‘ಸಿಲಾಬ್’ ಎನ್ನುತ್ತಾರೆ. ಅರ್ಥವುಳ್ಳ, ಮತ್ತೆ ಒಡೆಯಲಾಗದ ಪದಭಾಗ ಆಕೃತಿಮಾ. ಉದ್ದನೆಯ ಫ್ರೆಂಚ್ ನಾಮಪದಗಳಲ್ಲಿ ಈ ಎರಡರ ಗಡಿಗಳು ಹೆಚ್ಚಾಗಿ ಒಂದೇ ಕಡೆ ಬೀಳುವುದಿಲ್ಲ.

‘ಆ್ಯಂಸ್ತಿತ್ಯುಸ್ಯೊನಾಲಿಜಾಸ್ಯೊಂ’ ಎಂಬ ಪದವನ್ನು ನೋಡಬಹುದು. ಫ್ರೆಂಚ್ ಬರಹದಲ್ಲಿ 21 ರೋಮನ್ ಅಕ್ಷರಗಳಿರುವ ಈ ಪದಕ್ಕೆ ಸಾಂಸ್ಥೀಕರಣ ಎಂಬ ಅರ್ಥವಿದೆ. ಸ್ಥಾಪಿಸು ಎಂಬ ಅರ್ಥದ ಕ್ರಿಯಾಪದದಿಂದ ‘ಆ್ಯಂಸ್ತಿತ್ಯುಸ್ಯೊಂ’ (ಸಂಸ್ಥೆ), ಅದರಿಂದ ‘ಆ್ಯಂಸ್ತಿತ್ಯುಸ್ಯೊನೆಲ್’ (ಸಾಂಸ್ಥಿಕ), ಅದಕ್ಕೆ ‘ಇಜೆ’ ಪ್ರತ್ಯಯ ಸೇರಿ ಮತ್ತೆ ಕ್ರಿಯಾಪದ, ಕೊನೆಗೆ ‘ಆಸ್ಯೊಂ’ ಸೇರಿ ಮತ್ತೆ ನಾಮಪದ. ಗುಣವಾಚಕದ ‘ಎಲ್’ ಮುಂದಿನ ಮೆಟ್ಟಿಲಿನಲ್ಲಿ ‘ಆಲ್’ ಆಗುತ್ತದೆ. ‘ನಾತ್ಯುರೆಲ್’ನಿಂದ ‘ನಾತ್ಯುರಾಲಿಜೆ’ ಹುಟ್ಟುವಾಗಲೂ ಹೀಗೆಯೇ. ಇಡೀ ಪದದ ಲಿಂಗವನ್ನು ಕೊನೆಯ ಪ್ರತ್ಯಯವೇ ನಿರ್ಧರಿಸುವುದರಿಂದ ಇದು ಸ್ತ್ರೀಲಿಂಗ.

ಉಚ್ಚಾರಣೆಯಲ್ಲಿ ಇದು ಆ್ಯಂಸ್-ತಿ-ತ್ಯು-ಸ್ಯೊ-ನಾ-ಲಿ-ಜಾ-ಸ್ಯೊಂ ಎಂಬ ಎಂಟು ಉಚ್ಚಾರಾಂಶಗಳಾಗುತ್ತದೆ. ಮೊದಲನೆಯದನ್ನು ಬಿಟ್ಟರೆ ಉಳಿದವೆಲ್ಲ ಸ್ವರದಲ್ಲಿಯೇ ಮುಗಿಯುತ್ತವೆ, ಏಕೆಂದರೆ ಫ್ರೆಂಚಿಗೆ ಅಂಥ ತೆರೆದ ಉಚ್ಚಾರಾಂಶವೇ ಹೆಚ್ಚು ಇಷ್ಟ. ಇಲ್ಲಿನ ಪ್ರತ್ಯಯಗಳು ಸ್ವರದಿಂದ ಆರಂಭವಾಗುವುದರಿಂದ ಹಿಂದಿನ ಭಾಗದ ಕೊನೆಯ ವ್ಯಂಜನವನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ‘ಆಲ್’ ಎಂಬ ಪ್ರತ್ಯಯ ‘ನಾ’ ಮತ್ತು ‘ಲಿ’ಗಳ ನಡುವೆ ಹಂಚಿಹೋಗುವುದು ಇದರಿಂದಲೇ. ಕನ್ನಡದ ‘ಊರಲ್ಲಿ’ ಎಂಬುದರಲ್ಲಿ ‘ಊರು’ ಮತ್ತು ‘ಅಲ್ಲಿ’ಗಳ ಬೆಸುಗೆ ‘ರ’ ಅಕ್ಷರದ ಒಳಗೇ ಅಡಗಿರುವುದನ್ನು ಬಲ್ಲವರಿಗೆ ಇದು ಹೊಸದೆನಿಸಲಾರದು. ‘ಸಂಸ್ಥೆ’ ಎಂಬರ್ಥದ ಪದದ ಕೊನೆಯಲ್ಲಿ ಅನುನಾಸಿಕ ಸ್ವರವಾಗಿ ಕರಗಿದ್ದ ನಕಾರವೂ ಪ್ರತ್ಯಯ ಸೇರಿದೊಡನೆ ಪೂರ್ಣ ವ್ಯಂಜನವಾಗಿ ಮುಂದಿನ ಉಚ್ಚಾರಾಂಶಕ್ಕೆ ಜಾರುತ್ತದೆ. ಬರಹದಲ್ಲಿ ಮಾತ್ರ ಅಲ್ಲಿ ಎರಡು ನಕಾರಗಳಿವೆ. ಸಾಲಿನ ಕೊನೆಯಲ್ಲಿ ಪದವನ್ನು ಮುರಿಯುವಾಗ ಅವೆರಡರ ನಡುವೆ ಅಡ್ಡಗೆರೆ ಹಾಕುತ್ತಾರೆ, ಕಿವಿಗೆ ಕೇಳುವುದು ಒಂದೇ ಆದರೂ.

ಗ್ರೀಕ್ ಮೂಲದ ವಿದ್ವತ್ಪದಗಳು ಇದಕ್ಕೆ ವ್ಯತಿರಿಕ್ತ. ಕಿವಿ, ಮೂಗು, ಗಂಟಲಿನ ವೈದ್ಯಶಾಸ್ತ್ರವಾದ ‘ಒತೊರಿನೊಲಾರ‍್ಯಾಂಗೊಲೊಜಿ’ಯಲ್ಲಿ ‘ಒತೊ’, ‘ರಿನೊ’, ‘ಲಾರ‍್ಯಾಂಗೊ’ ಎಂಬ ಭಾಗಗಳು ಒಕಾರದಲ್ಲಿ ಮುಗಿದು ಮುಂದಿನದು ವ್ಯಂಜನದಿಂದ ಆರಂಭವಾಗುವುದರಿಂದ ಎರಡೂ ಗಡಿಗಳು ಕೂಡಿಬರುತ್ತವೆ. ಆಡುಮಾತಿನಲ್ಲಿ ಇಷ್ಟುದ್ದ ಹೇಳುವ ಗೋಜಿಗೆ ಹೋಗದೆ ಜನರು ‘ಓ-ಎರ್-ಎಲ್’ ಎಂದು ಮುಗಿಸುತ್ತಾರೆ.

ಉಚ್ಚಾರಾಂಶಗಳ ಲೆಕ್ಕವನ್ನು ಕೆಡಿಸುವುದು ಮೂಕ ಎಕಾರ, ಅಂದರೆ ಬರಹದಲ್ಲಿದ್ದರೂ ಮಾತಿನಲ್ಲಿ ಬಿಟ್ಟುಹೋಗುವ ಎಕಾರ. ಅಭಿವೃದ್ಧಿ ಎಂಬರ್ಥದ ‘ದೆವೆಲೊಪೆಮಾಂ’ ಬರಹದಲ್ಲಿ ಐದು ಭಾಗಗಳಾದರೂ ಸಹಜ ಮಾತಿನಲ್ಲಿ ‘ದೆವ್ಲೊಪ್‌ಮಾಂ’ ಎಂಬ ಮೂರಕ್ಕೆ ಇಳಿಯುತ್ತದೆ. ನಮ್ಮ ‘ಮಾಡುತ್ತೇನೆ’ ಬಾಯಲ್ಲಿ ‘ಮಾಡ್ತೇನೆ’ ಆಗುವಂತೆ. ಹಳೆಯ ಫ್ರೆಂಚ್ ಛಂದಸ್ಸು ಮಾತ್ರ ವ್ಯಂಜನದ ಮುಂಚೆ ಬರುವ ಇಂಥ ಎಕಾರವನ್ನು ಬಿಡದೆ ಎಣಿಸುತ್ತಿತ್ತು.