ಸರಕಿಗೆ ಆರು ತಿಂಗಳು, ಕಾಗದಕ್ಕೆ ಗಡುವೇ ಇಲ್ಲ

ಬಳ್ಳಾರಿಯ ಅದಿರಿರಲಿ, ಗಂಗಾವತಿಯ ಅಕ್ಕಿಯಿರಲಿ, ರಫ್ತಿನ ತಕರಾರು ಎದ್ದಾಗ ಕಸ್ಟಮ್ಸ್ ಅಧಿಕಾರಿಗಳು ಕಡತಗಳನ್ನೂ ಒಯ್ಯುತ್ತಾರೆ. ಸರಕು ಬಿಡುಗಡೆಯಾದರೂ ಕಡತ ಬಾರದೆ ಉಳಿಯುವುದುಂಟು. ಅದರ ಮೂಲ ಕಾಯ್ದೆಯಲ್ಲೇ ಇದೆ.

1962ರ ಕಸ್ಟಮ್ಸ್ ಕಾಯ್ದೆ ಜಾರಿಯಾದದ್ದು 1963ರ ಫೆಬ್ರವರಿ 1ರಂದು. ಅದರ 110ನೇ ಕಲಮಿನ ಪ್ರಕಾರ, ಸರಕು ಜಪ್ತಿಯಾದ ಆರು ತಿಂಗಳೊಳಗೆ ಷೋಕಾಸ್ (ಕಾರಣ ಕೇಳುವ) ನೋಟಿಸ್ ಬರಬೇಕು. ಇಲ್ಲವಾದರೆ ಸರಕು ಮರಳಿಸಬೇಕು. ಆಯುಕ್ತರು ಕಾರಣ ಬರೆದು ಇನ್ನಾರು ತಿಂಗಳು ಬೆಳೆಸಬಹುದು. ತಾತ್ಕಾಲಿಕವಾಗಿ ಬಿಟ್ಟ ಸರಕಿಗೆ ಈ ಗಡುವಿಲ್ಲ. ದಾಖಲೆಗಳ ಮಾತು ಬರುವುದು 3ನೇ ಉಪಕಲಮಿನಲ್ಲಿ. ಪ್ರಕರಣಕ್ಕೆ ಉಪಯುಕ್ತ ಎಂದು ಅಧಿಕಾರಿಗೆ ಅನಿಸಿದರೆ ಒಯ್ಯಬಹುದು. ಎಷ್ಟು ಕಾಲ ಇಟ್ಟುಕೊಳ್ಳಬಹುದೆಂದು ಅಲ್ಲಿ ಹೇಳಿಲ್ಲ. 4ನೇ ಉಪಕಲಮು ಮಾತ್ರ, ಅಧಿಕಾರಿಯ ಎದುರು ನಕಲು ಮಾಡಿಕೊಳ್ಳುವ ಹಕ್ಕನ್ನು ಕೊಟ್ಟಿದೆ.

ಸೆಂಟ್ರಲ್ ಎಕ್ಸೈಸ್‌ನಲ್ಲಿ (ಉತ್ಪಾದನೆಯ ಮೇಲಿನ ಕೇಂದ್ರ ಸುಂಕ) ಈ ಕೊರತೆ ನೀಗಿತು. 2017ರ ಮಾರ್ಚ್ 10ರ ಸುತ್ತೋಲೆ, ನೋಟಿಸ್‌ಗೆ ಆಧಾರ ಮಾಡಿಕೊಳ್ಳದ ದಾಖಲೆಗಳನ್ನು ರಸೀದಿ ಪಡೆದು ಮರಳಿಸಬೇಕೆಂದಿತು. ಮರಳಿಸುವ ಅಧಿಕಾರಿಯ ಹುದ್ದೆ, ವಿಳಾಸವೂ ನೋಟಿಸ್‌ನಲ್ಲೇ ಇರಬೇಕೆಂದಿತು. ಅದೇ ಜುಲೈಯಲ್ಲಿ ಬಂದ ಜಿಎಸ್‌ಟಿ ಕಾಯ್ದೆಯ 67(3) ಅಂಥವಕ್ಕೆ ನೋಟಿಸ್ ಹೊರಟ 30 ದಿನಗಳ ಗಡುವು ಹಾಕಿತು. ಕಸ್ಟಮ್ಸ್ ಕಾಯ್ದೆಗೆ ಅಂಥ ಒಂದು ಸಾಲು ಸೇರಿಲ್ಲ. ಇದು ಅನ್ಯಾಯವೇ ಸರಿ.

ಅದಿರಿನವರಿಗೆ ಇದರ ಪೆಟ್ಟು ಹೆಚ್ಚು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಗಲೇ ತೆಗೆದಿಟ್ಟ ಅದಿರಿನ ರಫ್ತಿಗೆ 2022ರ ಮೇ 20ರಂದು ಒಪ್ಪಿತು. ಅದೇ ನವೆಂಬರ್‌ನಿಂದ ಕಬ್ಬಿಣಾಂಶ ಶೇ 58ಕ್ಕಿಂತ ಕಡಿಮೆಯಿದ್ದ ಗಟ್ಟಿ ಮತ್ತು ಪುಡಿ ಅದಿರಿಗೆ ಸುಂಕವಿಲ್ಲ, ಮೇಲಿದ್ದರೆ ಶೇ 30. ಈ ಅಂಶವನ್ನು ತೇವಾಂಶವೂ ಸೇರಿದ ತೂಕದ ಮೇಲೆ ಲೆಕ್ಕ ಹಾಕಬೇಕೆಂದು 2012ರ ಫೆಬ್ರವರಿಯ ಕಸ್ಟಮ್ಸ್ ಸುತ್ತೋಲೆ ಹೇಳುತ್ತದೆ. ಒಣಗಿಸಿದ ನಮೂನೆಯಲ್ಲಿ ಶೇ 59, ತೇವಾಂಶ ಶೇ 6 ಎಂದಿಟ್ಟುಕೊಳ್ಳಿ: 59 × 0.94 = 55.46. ಸುಂಕ ಸೊನ್ನೆ; ಒಣ ಅಂಕಿ 59ನ್ನೇ ಹಿಡಿದರೆ ಶೇ 30. ಅಂದರೆ ತೇವಾಂಶದ ಒಂದು ಹಾಳೆ ಜಪ್ತಿ ಕಟ್ಟಿನೊಳಗೆ ಸಿಕ್ಕಿಬಿದ್ದರೆ, ರಫ್ತುದಾರನ ಕೈಯಲ್ಲಿ ಉತ್ತರವೇ ಇಲ್ಲ.

ಆದ್ದರಿಂದ ಕೆಲಸ ಮಹಜರಿನಿಂದಲೇ ಶುರುವಾಗಬೇಕು. ‘ಒಂದು ಕಟ್ಟು ಕಾಗದ’ ಎಂದು ಬರೆದರೆ ಒಪ್ಪಬೇಡಿ. ಫೈಲಿನ ಹೆಸರು, ಪುಟ 1ರಿಂದ ಕೊನೆಯ ಪುಟದ ಸಂಖ್ಯೆ, ಮೂಲವೋ ನಕಲೋ ಎಂಬುದು ನಮೂದಾಗಲಿ. ಪುಟಸಂಖ್ಯೆಯಿಲ್ಲದೆ ಹೋದ ಕಾಗದ ಇತ್ತೆಂದು ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ. ಕಂಪ್ಯೂಟರ್ ಒಯ್ದರೆ ಹ್ಯಾಶ್ ಸಂಖ್ಯೆಯನ್ನೂ (ಒಳಗಿನ ಮಾಹಿತಿ ಬದಲಾಗಿಲ್ಲವೆಂದು ತೋರಿಸುವ ಗುರುತು) ಬರೆಸಿ. ಆ ವಾರವೇ 110(4)ರಡಿ ಅರ್ಜಿ ಹಾಕಿ, ಮಹಜರಿನ ಕ್ರಮಸಂಖ್ಯೆ ಹಿಡಿದು ಬೇಕಾದುದನ್ನು ಕೇಳಿ. ಸ್ವೀಕೃತಿ ಮುದ್ರೆ ಪಡೆಯಿರಿ. ‘ಎಲ್ಲ ದಾಖಲೆ ಕೊಡಿ’ ಎಂಬ ಅರ್ಜಿ ತನಿಖೆಯ ಹೆಸರಲ್ಲಿ ಮೂಲೆಗೆ ಬೀಳುವುದೇ ಹೆಚ್ಚು. ಕ್ರಮಸಂಖ್ಯೆ, ಕಾರಣ ಎರಡೂ ಇದ್ದರೆ ನಿರಾಕರಿಸುವವರೂ ಕಾರಣ ಬರೆಯಬೇಕಾಗುತ್ತದೆ.

ನೋಟಿಸ್ ಬಂದ ಮೇಲೆ ಆಧಾರ ದಾಖಲೆಗಳ ಪಟ್ಟಿಯನ್ನು ಮಹಜರಿನ ಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ಹಾಕಿ. ಪಟ್ಟಿಯಲ್ಲಿಲ್ಲದ್ದರ ಮೂಲ ಪ್ರತಿ, ಇರುವುದರ ನಕಲು ಕೇಳಬೇಕು. ಕೊಡದಿದ್ದರೆ ಹೈಕೋರ್ಟಿಗೆ ರಿಟ್ ಹಾಕಬಹುದು; ಬಳ್ಳಾರಿ, ಕೊಪ್ಪಳಕ್ಕೆ ಧಾರವಾಡ ಪೀಠ, ರಾಯಚೂರಿಗೆ ಕಲಬುರಗಿ. ಆಯುಕ್ತರಿಗಿಂತ ಕೆಳಗಿನ ಅಧಿಕಾರಿಯ ಆದೇಶವೇ ಬಂದುಬಿಟ್ಟರೆ ಆಯುಕ್ತರ (ಮೇಲ್ಮನವಿ) ಬಳಿ ಹೋಗಲು 60 ದಿನ, ತಕ್ಕ ಕಾರಣವಿದ್ದರೆ ಇನ್ನು 30. ಕಾಗದ ಬರಲಿ ಎಂದು ಕಾಯುವುದರಿಂದ ಆ ಗಡುವು ಮುಂದೆ ಹೋಗುವುದಿಲ್ಲ.