ಎಲ್ಲಾ ಗೊತ್ತಿದ್ದೂ ಕೆಲಸ ಆಗದಿದ್ದಾಗ

ಮಂಡ್ಯ ಕಡೆಯ ಒಬ್ಬ ಹೆಣ್ಣುಮಗಳು ಗಂಡನನ್ನು ಕರೆದುಕೊಂಡು ಮೈಸೂರಿನ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಗಂಡ ಬೈಕಿನಿಂದ ಬಿದ್ದು, ಹಣೆಗೆ ಜೋರು ಪೆಟ್ಟಾಗಿ ಎಂಟು ತಿಂಗಳಾಗಿತ್ತು. ಗಾಯ ಮಾಗಿತ್ತು. ಮಾತು, ನಡಿಗೆ, ನೆನಪು ಎಲ್ಲ ಚೆನ್ನಾಗಿತ್ತು. "ಎಲ್ಲಾ ಗೊತ್ತೈತೆ ಮೇಡಂ. ಆದ್ರೆ ಒಂದು ಕೆಲ್ಸನೂ ಮುಗ್ಸಾಕಿಲ್ಲ. ಊರೋರು ಸೋಂಬೇರಿ ಅಂತಾರೆ" ಅಂದರು ಹೆಂಡತಿ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರದು ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಎಷ್ಟು ಕೆಲಸ ಒಟ್ಟಿಗೆ ನಡೆಯುತ್ತೆ ಅಂತ ನೋಡಿದವರಿಗೆ ಗೊತ್ತು. ಒಲೆಗೆ ಒಣಗಿದ ಸಿಪ್ಪೆ ತಳ್ಳುತ್ತಿರಬೇಕು. ಮೇಲೆ ಬರುವ ಕೊಳೆ ತೆಗೆಯಬೇಕು. ಉಕ್ಕಿದರೆ ಉರಿ ತಗ್ಗಿಸಬೇಕು. ಹದ ಬಂದ ಕೂಡಲೇ ಇಳಿಸಬೇಕು, ತಡವಾದರೆ ಪಾಕ ಸೀದು ಬೆಲ್ಲ ಕಪ್ಪಾಗುತ್ತೆ. ಇಪ್ಪತ್ತು ವರ್ಷ ಇದನ್ನೇ ಮಾಡಿದ ಮನುಷ್ಯ ಇಷ್ಟನ್ನೂ ನನಗೆ ಬಿಡಿಸಿ ಹೇಳಿದರು. ಆದರೆ ಮಾಡಲು ನಿಂತರೆ ನಡುವೆ ಎದ್ದು ಹೋಗಿಬಿಡುತ್ತಾರಂತೆ.

ಗುರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಅದಕ್ಕೆ ತಕ್ಕ ಹಾಗೆ ನಮ್ಮನ್ನು ನಾವೇ ನಡೆಸಿಕೊಳ್ಳುವ ಶಕ್ತಿಗೆ ಮನೋವಿಜ್ಞಾನದಲ್ಲಿ ಎಕ್ಸಿಕ್ಯುಟಿವ್ ಫಂಕ್ಷನ್ ಅಂತ ಹೆಸರು. ಹಣೆಯ ಹಿಂದಿರುವ ಮೆದುಳಿನ ಮುಂಭಾಗಕ್ಕೆ ಇದರಲ್ಲಿ ದೊಡ್ಡ ಪಾತ್ರ ಇದೆ. 2000ದಲ್ಲಿ ಮನೋವಿಜ್ಞಾನಿ ಮಿಯಾಕೆ ಮತ್ತು ಸಂಗಡಿಗರು 137 ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಇದರಲ್ಲಿ ಮೂರು ಎಳೆಗಳನ್ನು ಗುರುತಿಸಿದರು: ತಟ್ಟನೆ ಬರುವ ಪ್ರತಿಕ್ರಿಯೆಯನ್ನು ತಡೆಯುವುದು, ಮನಸ್ಸಿನಲ್ಲಿರುವುದನ್ನು ಆಗಾಗ ಹೊಸದು ಮಾಡಿಕೊಳ್ಳುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು. ಮೂರೂ ಬೇರೆ ಬೇರೆ, ಆದರೂ ಒಂದಕ್ಕೊಂದು ನಂಟು.

ತಡೆಯುವ ಶಕ್ತಿ ನೋಡಲು ಸ್ಟ್ರೂಪ್ ಎಂಬ ಮನೋವಿಜ್ಞಾನಿ 1935ರಲ್ಲಿ ಪ್ರಕಟಿಸಿದ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿದೆ. "ಕೆಂಪು" ಅನ್ನುವ ಪದವನ್ನು ಹಸಿರು ಬಣ್ಣದಲ್ಲಿ ಬರೆದಿರುತ್ತೆ. ಪದ ಓದಬಾರದು, ಬಣ್ಣ ಹೇಳಬೇಕು. ಓದು ರೂಢಿಯಾದವರ ನಾಲಿಗೆ "ಕೆಂಪು" ಅಂತಲೇ ಹೊರಡುತ್ತೆ, ಅದನ್ನು ಹಿಡಿದು ನಿಲ್ಲಿಸಬೇಕು. ನಮ್ಮ ಕಡೆ ಇಲ್ಲೊಂದು ಎಚ್ಚರ ಬೇಕು. ಓದು ಸರಿಯಾಗಿ ಬಾರದ ಹಿರಿಯರಿಗೆ ಈ ಜಗ್ಗಾಟವೇ ಇರುವುದಿಲ್ಲ. ಅವರು ಸಲೀಸಾಗಿ ಬಣ್ಣ ಹೇಳಿದರೆ ತಡೆಯುವ ಶಕ್ತಿ ಚೆನ್ನಾಗಿದೆ ಅಂತ ಬರೆದುಬಿಡುವುದು ತಪ್ಪು.

ಇವರು ಎಸ್ಸೆಸ್ಸೆಲ್ಸಿ ಓದಿದವರು. ಸ್ಟ್ರೂಪ್ ಚೆನ್ನಾಗಿ ಮಾಡಿದರು. ನಾನು ಹೇಳಿದ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳಿದರು, ಕಾರ್ಡುಗಳನ್ನು ಸರಿಯಾಗಿ ವಿಂಗಡಿಸಿದರು. ಅಂಕ ನೋಡಿದರೆ ತೊಂದರೆಯೇ ಇಲ್ಲ. ಹೆಂಡತಿಯ ಮುಖ ಇಳಿದುಹೋಯಿತು. ಹಾಗಾದರೆ ಊರವರು ಹೇಳುವುದೇ ನಿಜವೇ ಅಂತ ಅವರಿಗೆ ಅನ್ನಿಸಿರಬೇಕು.

1991ರಲ್ಲಿ ಶಾಲಿಸ್ ಮತ್ತು ಬರ್ಜೆಸ್ ಎಂಬ ಸಂಶೋಧಕರು, ಮೆದುಳಿನ ಮುಂಭಾಗಕ್ಕೆ ಪೆಟ್ಟಾದ ಇಂಥದೇ ಮೂವರ ಬಗ್ಗೆ ಬರೆದಿದ್ದಾರೆ. ಮೇಜಿನ ಮುಂದಿನ ಹಲವು ಪರೀಕ್ಷೆಗಳಲ್ಲಿ ಅವರು ಚೆನ್ನಾಗಿಯೇ ಮಾಡಿದ್ದರು. ಅಂಗಡಿ ಬೀದಿಗೆ ಕಳಿಸಿ ಹಲವು ಸಣ್ಣ ಕೆಲಸ ಕೊಟ್ಟಾಗ ಎಡವಿದರು. ನಾನೂ ಇವರನ್ನು ದೇವರಾಜ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಒಂದು ಕಟ್ಟು ವೀಳ್ಯದೆಲೆ ತರಬೇಕು. ರಸಬಾಳೆಯ ರೇಟು ಕೇಳಿ ಬರೆದುಕೊಳ್ಳಬೇಕು. ಒಂದೇ ಅಂಗಡಿಗೆ ಎರಡು ಸಲ ಹೋಗಬಾರದು. ಹನ್ನೊಂದೂಕಾಲಿಗೆ ಚಿಕ್ಕ ಗಡಿಯಾರದ ಹತ್ತಿರ ಇರಬೇಕು. ಹೊರಡುವ ಮೊದಲು ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿದರು.

ಒಳಗೆ ಹೋದವರು ಹೂವಿನ ಅಂಗಡಿ ಮುಂದೆ ನಿಂತರು. ಮಲ್ಲಿಗೆ ಚೌಕಾಸಿ ಮಾಡಿ ಎರಡು ಮೊಳ ಕೊಂಡರು. ಎಲೆ ಅಂಗಡಿಯನ್ನು ಎರಡು ಸಲ ದಾಟಿ ಹೋದರು. ಹನ್ನೊಂದು ನಲವತ್ತಕ್ಕೆ ನಾನೇ ಹೋಗಿ ಕೇಳಿದೆ: "ಹನ್ನೊಂದೂಕಾಲಿಗೆ ಎಲ್ಲಿರಬೇಕಿತ್ತು?" ಒಂದು ಕ್ಷಣವೂ ತಡವಿಲ್ಲದೆ "ಚಿಕ್ಕ ಗಡಿಯಾರದ ಹತ್ರ" ಅಂದರು. ಅಲ್ಲೇ ನಿಂತಿದ್ದರು, ಕೈಯಲ್ಲಿ ಹೂವು.

ನಿಯಮ ನೆನಪಿದೆ, ಆದರೆ ಅದು ನಡೆಯನ್ನು ತಿದ್ದುವುದಿಲ್ಲ. ಗುರಿ ಕೈಬಿಟ್ಟು ಹೋಗುವ ಇದನ್ನು ಸಂಶೋಧಕ ಜಾನ್ ಡಂಕನ್ 1990ರ ದಶಕದಲ್ಲಿ ಅಧ್ಯಯನ ಮಾಡಿದರು. ಇದು ಸೋಮಾರಿತನ ಅಲ್ಲ. ನನ್ನ ಕೋಣೆಯಲ್ಲಿ ಇದು ಯಾಕೆ ಕಾಣಲಿಲ್ಲ ಅಂದರೆ, ಅಲ್ಲಿ "ಶುರು ಮಾಡಿ" ಅನ್ನುವವಳು ನಾನು, ಮುಂದಿನ ಕಾರ್ಡ್ ಇಡುವವಳು ನಾನು, "ಸಾಕು" ಅನ್ನುವವಳೂ ನಾನೇ. ಅವರಿಗೆ ಪೆಟ್ಟಾದ ಭಾಗದ ಕೆಲಸವನ್ನು ನಾನೇ ಮಾಡಿಕೊಡುತ್ತಿದ್ದೆ, ಅಲ್ವಾ? ಅದಕ್ಕೇ ಅಂಕದ ಹಾಳೆಗಿಂತ ಜಾಸ್ತಿ ಬೆಲೆಯನ್ನು ಮನೆಯವರ ಮಾತಿಗೆ ಕೊಡುತ್ತೇನೆ.

ಈಗ ಆಲೆಮನೆಯಲ್ಲಿ ಹದ ನೋಡುವುದು ತಮ್ಮನ ಕೆಲಸ. ಇವರಿಗೆ ಒಲೆ ಮಾತ್ರ. ಮೊಬೈಲಿನಲ್ಲಿ ಅರ್ಧ ಗಂಟೆಗೊಮ್ಮೆ ಅಲಾರಂ ಇಟ್ಟಿದ್ದೇವೆ. ಬಡಿದಾಗ ಕೈಲಿರುವುದನ್ನು ಇಳಿಸಿ "ನಾನೀಗ ಏನು ಮಾಡ್ತಿರಬೇಕು?" ಅಂತ ಜೋರಾಗಿ ಕೇಳಿಕೊಳ್ಳಬೇಕು. ಮೊದಲ ವಾರ ಸರಿ ಹೋಯಿತು. ಎರಡನೇ ವಾರ ಅಲಾರಂ ಬಡಿದರೆ ಸುಮ್ನೆ ಆಫ್ ಮಾಡತೊಡಗಿದರು. ಈಗ ಅಲಾರಂ ಬಡಿದಾಗ ಆ ಪ್ರಶ್ನೆಯನ್ನು ತಮ್ಮನೇ ಕೂಗಿ ಕೇಳುತ್ತಾನೆ, ಇವರು ಉತ್ತರ ಹೇಳಿ ಒಲೆಗೆ ಸಿಪ್ಪೆ ತಳ್ಳುತ್ತಾರೆ.